ಗುರುಗುಟ್ಟುವ ಕೌದಿ

ನಮ್ಮ ಮನೆಯಲ್ಲಿ ಗುರುಗುಟ್ಟುವ ಕೌದಿಯೊಂದಿದೆ. ಚಿಗವ್ವ ಅದರ ಮೇಲೆ ಕುಳಿತು ಸರಿಯಾಗಿ ನಾಲ್ಕು ನಿಮಿಷವಾದರೆ ಅದು ಗುರ್ ಎನ್ನಲು ಶುರುಮಾಡುತ್ತದೆ. ಅವಳು ಎದ್ದರೆ ಸುಮ್ಮನಾಗುತ್ತದೆ. ಏಳುವ ಪೈಕಿ ಅವಳಲ್ಲ. ಹಾಗಾಗಿ ಐದು ವರ್ಷದಿಂದ ಅದು ಗುರುಗುಟ್ಟುತ್ತಲೇ ಇತ್ತು. ನಮ್ಮ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇರುವುದರಿಂದ ನಾನು ಅದನ್ನು ಗಿರಣಿಯ ಸದ್ದು ಎಂದುಕೊಂಡಿದ್ದೆ. ಯಂತ್ರಗಳ ಸದ್ದಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಗುಟ್ಟು ಹೊರಬಿದ್ದದ್ದು ಮಂಡಳಿಯ ನೋಟೀಸು ಬಂದ ದಿನ.

ಚಿಗವ್ವನ ಹೆಸರು ಫಕೀರವ್ವ. ನನ್ನ ತಾಯಿಯ ತಂಗಿ, ನನ್ನನ್ನು ಬೆಳೆಸಿದವಳು. ಗದಗ-ಬೆಟಗೇರಿಯಲ್ಲಿ ಇಂದಿಗೂ ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೈಯಲ್ಲಿ ಕೌದಿ ಹೊಲಿಯುವ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬಳು. ಈಗ ಅರವತ್ತೆರಡು. ಹದಿಮೂರು ವರ್ಷದ ಹಿಂದೆ ಅವಳ ಬಲಸೊಂಟದ ಕೀಲು ಹಾಳಾಗಿ, ಗೋಡೆ ಹಿಡಿದು ನಡೆಯುವ ಸ್ಥಿತಿ ಬಂದಿತ್ತು. ಆಗ ಸರ್ಕಾರದ ಕೀಲು ಮಂಡಳಿಯ ಯೋಜನೆಯಲ್ಲಿ ಹೊಸ ಕೀಲು ಹಾಕಿಸಿದೆವು.

ಹೊಸ ಕೀಲು ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ತೊಡೆಯ ಎಲುಬಿನ ತಲೆಗೆ ಒಂದು ಗುಂಡು, ಸೊಂಟದ ಎಲುಬಿನೊಳಗೆ ಒಂದು ಲೋಹದ ಚಿಪ್ಪು, ಇವೆರಡರ ನಡುವೆ ಪ್ಲಾಸ್ಟಿಕ್ಕಿನ ಬಟ್ಟಲು. ಡಾಕ್ಟರರು ಇದಕ್ಕೆ ಲೈನರ್ ಎನ್ನುತ್ತಾರೆ, ಜನ ಬಟ್ಟಲು ಎನ್ನುತ್ತಾರೆ. ಏಳು ಮಿಲಿಮೀಟರ್ ದಪ್ಪ. ಸವೆಯುವುದು ಇದು ಮಾತ್ರ. ಸವೆದ ಪ್ಲಾಸ್ಟಿಕ್ಕು ಮೈದಾಹಿಟ್ಟಿಗಿಂತ ಸಣ್ಣ ಪುಡಿಯಾಗಿ ಮೈಯೊಳಗೇ ಉಳಿಯುತ್ತದೆ. ಮೈ ಕಾಯುವ ಜೀವಕೋಶಗಳು ಅದನ್ನು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ರೇಗುತ್ತವೆ, ಆ ಸಿಟ್ಟನ್ನು ಪಕ್ಕದ ಎಲುಬಿನ ಮೇಲೆ ತೀರಿಸಿಕೊಳ್ಳುತ್ತವೆ. ಬಟ್ಟಲು ತೀರಾ ತೆಳುವಾಗುವ ಮೊದಲೇ ಅದೊಂದನ್ನು ಬದಲಿಸಿಬಿಟ್ಟರೆ ಕೀಲು ಉಳಿಯುತ್ತದೆ. ತಡಮಾಡಿದರೆ ಎಲುಬೇ ಕರಗಿ, ಹೊಸ ಕೀಲು ಕೂರಿಸಲು ಜಾಗವೇ ಇರುವುದಿಲ್ಲ.

ಮಂಡಳಿಯ ಕೀಲಿಗೆ ಒಂದು ವಿಶೇಷವಿದೆ. ಚಿಪ್ಪಿನೊಳಗೆ ಅಕ್ಕಿಕಾಳಿನಷ್ಟು ಒಂದು ಸಾಧನ ಕೂತಿರುತ್ತದೆ. ಗುಂಡು ಚಿಪ್ಪಿಗೆ ಎಷ್ಟು ಹತ್ತಿರ ಬಂತು, ಕಾಲು ಯಾವ ಕೋನಕ್ಕೆ ಮಡಚಿತು, ಎಷ್ಟು ಭಾರ ಬಿತ್ತು ಎಲ್ಲವನ್ನೂ ಅದು ಮಂಡಳಿಗೆ ಕಳಿಸುತ್ತದೆ. ಜೊತೆಗೆ ಕೈಗೊಂದು ಪಟ್ಟಿ, ವರ್ಷಗಟ್ಟಲೆ ಚಾರ್ಜು ಕೇಳದ್ದು. ನಮ್ಮ ಕಡೆ ಅದನ್ನು ಬಳೆ ಎನ್ನುತ್ತಾರೆ. ನೀವು ನೆಲದ ಮೇಲೆ ಕುಳಿತು ನಾಲ್ಕು ನಿಮಿಷವಾದರೆ ಆ ಸಾಧನದ ಸುಳಿವಿನಿಂದ ಬಳೆ ಅದುರುತ್ತದೆ, ಏಳುವ ತನಕ ಬಿಡುವುದಿಲ್ಲ. ನೆಲದ ಮೇಲೆ ಕುಳಿತರೆ ಬಟ್ಟಲು ನಡಿಗೆಗಿಂತ ಆರು ಪಟ್ಟು ಸವೆಯುತ್ತದೆ ಎಂಬುದು ಮಂಡಳಿಯ ಸೂತ್ರ. ಬಳೆಯ ಮಾತು ಕೇಳಿದವರು ವಿಧೇಯರು, ಕೇಳದವರು ಅವಿಧೇಯರು. ಅವಿಧೇಯರಿಗೆ ಎರಡನೇ ಬಟ್ಟಲಿಲ್ಲ.

ನೋಟೀಸಿನಲ್ಲಿ ಇದ್ದದ್ದು ಇಷ್ಟು. ಫಲಾನುಭವಿ ಫಕೀರವ್ವ ಕಮ್ಮಾರ ಇವರ ಬಟ್ಟಲು ಮೂರು ಮುಕ್ಕಾಲು ಮಿಲಿಮೀಟರಿಗೆ ಇಳಿದಿದೆ. ಐದು ವರ್ಷಗಳಿಂದ ಇವರು ಅವಿಧೇಯರಾಗಿರುತ್ತಾರೆ. ಇನ್ನು ಮುಂದೆ ಜೀವಮಾನದಲ್ಲಿ ನೆಲದ ಮೇಲೆ ಕುಳಿತುಕೊಳ್ಳುವುದಿಲ್ಲವೆಂದು ಅರವತ್ತು ದಿನಗಳೊಳಗೆ ಹೆಬ್ಬೆಟ್ಟು ಒತ್ತಿದರೆ ಬಟ್ಟಲು ಬದಲಿಸಲಾಗುವುದು. ಇಲ್ಲವಾದರೆ ಇಲ್ಲ.

ನಾನು ಕಾಗದ ಹಿಡಿದುಕೊಂಡು ಪಡಸಾಲೆಗೆ ಬಂದೆ. ಚಿಗವ್ವ ತನ್ನ ಹಳೆಯ ಕೌದಿಯ ಮೇಲೆ ಕುಳಿತು, ಹೊಸದೊಂದನ್ನು ತೊಡೆಯ ಮೇಲೆಲ್ಲ ಹರಡಿಕೊಂಡು ಹೊಲಿಯುತ್ತಿದ್ದಳು.

"ಚಿಗವ್ವಾ, ಬಳಿ ಎಲ್ಲೈತಿ?"

"ಯಾವ ಬಳಿ?"

"ಮಂಡಳಿಯವರು ಕೊಟ್ಟದ್ದು. ಕೈಯಾಗ ಇರಬೇಕಾಗಿದ್ದು."

ಅವಳು ದಬ್ಬಳದ ತುದಿಯಿಂದ ತಾನು ಕುಳಿತಿದ್ದ ಕೌದಿಯ ಮೂಲೆಯನ್ನು ತೋರಿಸಿದಳು. "ಅದರ ಹೊಟ್ಟ್ಯಾಗ ಐತಿ."

ಕೌದಿ ಮುಗಿಸುವಾಗ ಕೊನೆಯ ತುಂಡಿನ ಕೆಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಅವಳ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಈ ಕೌದಿಗೆ ರೊಟ್ಟಿಯ ಬದಲು ಬಳೆಯನ್ನು ಉಣಿಸಿದ್ದಳು. ಬಗ್ಗಿ ಕೈಯಿಟ್ಟು ನೋಡಿದೆ. ಗುರ್ ಎನ್ನುತ್ತಿತ್ತು. ಗಿರಣಿಗೆ ಅಂದು ರಜೆ ಇತ್ತು.

"ಎಂಟ ವರ್ಷ ಅದು ಏಳು ಅಂದಾಗೊಮ್ಮೆ ಎದ್ದೀನಿ ಲೀಲಾ. ನಾಕ ಹೊಲಿಗಿ ಹಾಕೂದು, ಏಳೂದು. ಮತ್ತ ಕುಂದ್ರೂದು, ನಾಕ ಹೊಲಿಗಿ ಹಾಕೂದು, ಏಳೂದು. ಒಂದಿನ ಸಿಟ್ಟ ಬಂತು, ಒಳಗ ಹಾಕಿ ಹೊಲದೆ. ಈಗ ಅದರ ಪಾಡಿಗೆ ಅದು ಒದರತೈತಿ, ನನ್ನ ಪಾಡಿಗೆ ನಾ ಹೊಲೀತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇಂಥ ಬಟ್ಟಲುಗಳು ಎಷ್ಟು ಸವೆಯುತ್ತವೆ ಎಂದು ಇಪ್ಪತ್ತು ವರ್ಷದಿಂದ ತೂಗುತ್ತಿರುವವಳು ನಾನು. ನನ್ನ ಮನೆಯಲ್ಲಿಯೇ ಇಂಥ ಕೆಲಸ. "ನಿನ್ನ ಕೈಯಾರ ನೀನ ಹಾಳ ಮಾಡಿಕೊಂಡಿ" ಎಂದು ಕೂಗಾಡಿದೆ. ನೋಟೀಸು ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಹೊಲಿಗೆ ನಿಲ್ಲಿಸಲಿಲ್ಲ.

"ಹೆಬ್ಬಟ್ಟ ಒತ್ತಂಗಿಲ್ಲ."

"ಒತ್ತಲಿಲ್ಲಂದ್ರ ಎರಡ ವರ್ಷದಾಗ ನಡ್ಯಾಕ ಬರೂದಿಲ್ಲ ನಿನಗ. ತಿಳಿತೈತಿಲ್ಲ?"

"ತಿಳಿತೈತಿ. ಕೌದಿ ಏನ್ ಟೇಬಲ್ ಮ್ಯಾಲ ಹೊಲಿಯೂದನ? ಅದರ ಮ್ಯಾಗ ಕುಂತು, ಸುತ್ತ ಸರಕೋತ ಹೋಗಬೇಕು. ಕುಂದರಾಕ ಬರವಲ್ದು ಅಂತ ಕೀಲ ಹಾಕಿಸಿಕೊಂಡೆ. ಈಗ ಕೀಲ ಉಳೀಬೇಕಂದ್ರ ಕುಂದ್ರೂದ ಬಿಡು ಅಂತಾರ. ಹಂಗಾದ್ರ ಕೀಲ ನನಗೋ, ನಾ ಕೀಲಿಗೋ?"

ನಾನು ಬಾಗಿಲು ದಢಾರನೆ ಎಳೆದುಕೊಂಡು ಲ್ಯಾಬಿಗೆ ಹೋದೆ.

ಮಂಡಳಿಯದೇ ಆದ ನಮ್ಮ ಪರೀಕ್ಷಾಲಯ ಗದಗಿನ ಹೊರಗೆ, ಗಾಳಿಯಂತ್ರಗಳ ಸಾಲು ಶುರುವಾಗುವಲ್ಲಿದೆ. ಒಳಗೆ ಒಂದೇ ಒಂದು ದೊಡ್ಡ ಯಂತ್ರ, ಅದರಲ್ಲಿ ಹನ್ನೆರಡು ಸೊಂಟಗಳು. ಸೊಂಟ ಎಂದರೆ ಗುಂಡು ಮತ್ತು ಬಟ್ಟಲು ಅಷ್ಟೆ, ಮೇಲೆ ಮೈ ಇಲ್ಲ, ಕೆಳಗೆ ಕಾಲಿಲ್ಲ. ಪ್ರತಿಯೊಂದೂ ಮೈಯ ಬಿಸುಪಿನಷ್ಟೇ ಬೆಚ್ಚಗಿನ ಸೀರಂ ಎಂಬ ರಕ್ತದ ತಿಳಿಯಲ್ಲಿ ಮುಳುಗಿ, ಸೆಕೆಂಡಿಗೊಂದು ಹೆಜ್ಜೆ ಹಾಕುತ್ತದೆ. ಹತ್ತು ಲಕ್ಷ ಹೆಜ್ಜೆಯೆಂದರೆ ಮನುಷ್ಯನ ಒಂದು ವರ್ಷದ ನಡಿಗೆ ಎಂದು ಲೆಕ್ಕ. ಐದು ಲಕ್ಷಕ್ಕೊಮ್ಮೆ ಬಟ್ಟಲುಗಳನ್ನು ತೆಗೆದು, ತೊಳೆದು, ಒಣಗಿಸಿ ತೂಗುತ್ತೇನೆ. ಪ್ಲಾಸ್ಟಿಕ್ಕು ಸೀರಂ ಹೀರಿ ತುಸು ತೂಕ ಏರಿಸಿಕೊಳ್ಳುತ್ತದೆ, ಸವೆದದ್ದನ್ನು ಮುಚ್ಚಿಹಾಕಲು. ಆ ಕಳ್ಳತನ ಹಿಡಿಯಲೆಂದೇ ಅಲುಗಾಡದೆ ಸುಮ್ಮನೆ ನೆನೆಯುವ ಒಂದು ಬಟ್ಟಲನ್ನೂ ಪಕ್ಕದಲ್ಲಿ ಇಟ್ಟಿರುತ್ತೇವೆ.

ಅಂದು ಯಂತ್ರದ ಕಡೆ ತಿರುಗಿಯೂ ನೋಡದೆ ಮಂಡಳಿಯ ಕಡತದಲ್ಲಿ ಚಿಗವ್ವನ ಸವೆತದ ಗೆರೆಯನ್ನು ತೆಗೆದೆ. ಅವಳ ತಪ್ಪನ್ನು ಅವಳ ಮುಖಕ್ಕೆ ಹಿಡಿಯಬೇಕು ಎಂಬ ಹಟ. ಎಂಟು ವರ್ಷ ವಿಧೇಯಳು, ಹಾಗಾಗಿ ಗೆರೆ ಮೆಲ್ಲಗೆ ಇಳಿದಿರಬೇಕು. ಆಮೇಲಿನ ಐದು ವರ್ಷ ಬಾವಿಗೆ ಬಿದ್ದಂತೆ ಇಳಿದಿರಬೇಕು.

ಗೆರೆ ಉಲ್ಟಾ ಇತ್ತು.

ಮೊದಲ ಎಂಟು ವರ್ಷದಲ್ಲಿ ಬಟ್ಟಲು ಮೂರು ಮಿಲಿಮೀಟರಿನಷ್ಟು ಸವೆದಿತ್ತು. ಬಳೆಯನ್ನು ಕೌದಿಗೆ ಉಣಿಸಿದ ಶ್ರಾವಣದಿಂದ ಈಚೆಗೆ ಅರ್ಧ ಮಿಲಿಮೀಟರೂ ಇಲ್ಲ. ಕಡತ ತಿರುಗುಮುರುಗಾಗಿದೆ ಎಂದುಕೊಂಡು ತಾರೀಖುಗಳನ್ನು ಮೂರು ಸಲ ನೋಡಿದೆ. ತಿರುಗುಮುರುಗಾಗಿದ್ದದ್ದು ಕಡತವಲ್ಲ.

ನಮ್ಮ ಉಗ್ರಾಣದಲ್ಲಿ ಮನುಷ್ಯರ ಮೈಯಿಂದ ತೆಗೆದ ಹಳೆಯ ಬಟ್ಟಲುಗಳ ಕಪಾಟು ಇದೆ. ಬದಲಿಸಿದಾಗ ತೆಗೆದವು, ಬಿದ್ದು ಎಲುಬು ಮುರಿದುಕೊಂಡವರವು, ಸತ್ತ ಮೇಲೆ ದೇಹದಾನ ಮಾಡಿದವರವು. ವಿಧೇಯರ ಡಬ್ಬಿಗೆ ಹಸಿರು ಚೀಟಿ, ಅವಿಧೇಯರದಕ್ಕೆ ಕೆಂಪು. ಚೀಟಿ ಅಂಟಿಸಿದವಳೂ ನಾನೇ. ಒಂದನ್ನೊಂದರ ಪಕ್ಕ ಇಟ್ಟು ನೋಡಬೇಕೆಂದು ಇಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ಸೂತ್ರ ಇದೆಯಲ್ಲ, ಮತ್ತೇಕೆ ನೋಡುವುದು. ಒಂಬತ್ತು ದಿನ, ಊಟದ ಬಿಡುವಿನಲ್ಲಿ, ರೊಟ್ಟಿಯ ಡಬ್ಬಿ ಪಕ್ಕಕ್ಕಿಟ್ಟು ಇನ್ನೂರ ಹನ್ನೆರಡು ಬಟ್ಟಲುಗಳನ್ನು ಅಳೆದೆ. ಹಸಿರು ಚೀಟಿಯವು ಕೆಂಪು ಚೀಟಿಯವುಗಳಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಸವೆದಿದ್ದವು. ಮಾತು ಕೇಳಿದವರ ಸೊಂಟ ಹೋಗಿತ್ತು. ಕೇಳದವರದು ಉಳಿದಿತ್ತು.

ಆ ಸಂಜೆ ಮನೆಗೆ ಹೋದವಳು ಚಿಗವ್ವನ ಎದುರು ನೆಲದ ಮೇಲೆ ಕುಳಿತೆ. ಕ್ಷಮಿಸು ಎನ್ನುವ ಬದಲು ಬಟ್ಟಲುಗಳ ಕಥೆಯನ್ನಷ್ಟೇ ಹೇಳಿದೆ. ಅವಳಿಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ.

"ಕುಂತಾಗ ಮೈಭಾರ ನೆಲಾ ಹೊರತೈತಿ. ಏಳುವಾಗ ಸೊಂಟ ಹೊರತೈತಿ. ಇದಕ್ಕ ಇನ್ನೂರ ಬಟ್ಟಲಾ ಅಳೀಬೇಕಾಗಿತ್ತೇನು?"

ಅಳೆಯಬೇಕಾಗಿತ್ತು. ಅವಳು ಹೇಳಿದ್ದು ಅರ್ಧ ಸತ್ಯ, ಉಳಿದರ್ಧ ನನ್ನ ಯಂತ್ರಕ್ಕೆ ಗೊತ್ತು. ಈ ಪ್ಲಾಸ್ಟಿಕ್ಕಿನ ಅಣುಗಳು ಉದ್ದುದ್ದ ಎಳೆಗಳು. ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಬಾಚಿದ ಕೂದಲಿನ ಹಾಗೆ ಆ ದಿಕ್ಕಿಗೆ ಮಲಗಿ ಗಟ್ಟಿಯಾಗುತ್ತವೆ. ಅಡ್ಡಕ್ಕೆ ಉಜ್ಜಿದರೆ ಕಿತ್ತು ಬರುತ್ತವೆ. ನೆಲದಿಂದ ಏಳುವವಳು ನೆಟ್ಟಗೆ ಏಳುವುದಿಲ್ಲ. ಮೊದಲು ಪಕ್ಕಕ್ಕೆ ಹೊರಳುತ್ತಾಳೆ, ಒಂದು ಮೊಣಕಾಲು ಊರುತ್ತಾಳೆ, ಮೈಭಾರವನ್ನೆಲ್ಲ ಒಂದೇ ಸೊಂಟದ ಮೇಲೆ ಹಾಕಿ ತಿರುಚಿಕೊಂಡು ಮೇಲೇಳುತ್ತಾಳೆ. ಬಟ್ಟಲಿಗೆ ಇದಕ್ಕಿಂತ ಕೆಟ್ಟ ಉಜ್ಜು ಇನ್ನೊಂದಿಲ್ಲ. ಮಂಡಳಿಯ ಬಳೆ ಅದನ್ನು ಗಂಟೆಗೆ ಹದಿನೈದು ಸಲ ಮಾಡಿಸುತ್ತಿತ್ತು. ಕೆಲಸ ಬಿಟ್ಟವರು ಯಾರೂ ಇಲ್ಲ, ಎಲ್ಲರೂ ಎದ್ದು ಮತ್ತೆ ಕುಳಿತರು. ಬಟ್ಟಲುಗಳು ಸವೆದವು. ನೋಡಿ, ನಮ್ಮ ಸೂತ್ರ ಸರಿ ಎಂದು ಮಂಡಳಿ ತಲೆದೂಗಿತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಇವರು ನಿಜವಾಗಿಯೂ ನೆಲದ ಮೇಲೆಯೇ ತಪ್ಪು ಹೊರಿಸಿದ್ದರು.

ಆದರೆ ಆ ಆರು ಪಟ್ಟು ಮೊದಲಿಗೆ ಬಂದದ್ದು ಎಲ್ಲಿಂದ? ಬಳೆ ಬರುವುದಕ್ಕೂ ಮುಂಚೆ, ಹದಿನಾರು ವರ್ಷದ ಹಿಂದಿನ ಒಂದು ಕಡತದಿಂದ. ತೆರೆದೆ. ಮೊದಲ ಪುಟದಲ್ಲಿಯೇ ಇತ್ತು: ನೆಲದ ಮೇಲೆ ಕುಳಿತು ಮಾಡುವ ಕೆಲಸದಲ್ಲಿ, ಒಂದು ಗಂಟೆಗೆ ಏಳುವಿಕೆ, ಸರಾಸರಿ ಇಪ್ಪತ್ತೆರಡು. ಅಷ್ಟು ಏಳುವಿಕೆಯನ್ನು ಯಂತ್ರಕ್ಕೆ ಹಾಕಿದಾಗ ಬಂದದ್ದೇ ಆ ಆರು ಪಟ್ಟು. ಕೆಳಗೆ ದಾಖಲಿಸಿದವರ ಸಹಿ. ಶಿವಲೀಲಾ ಕಮ್ಮಾರ, ನನ್ನದೇ.

ಆ ದಿನ ನೆನಪಾಯಿತು. ಬೆಟಗೇರಿಯ ಒಂದು ಸಮುದಾಯ ಭವನ. ಕೌದಿ ಹೊಲಿಯುವ, ಹತ್ತಿ ಬಿಡಿಸುವ ಹನ್ನೊಂದು ಜನ ಹೆಂಗಸರನ್ನು ಕರೆಸಿ, ಸೊಂಟಕ್ಕೂ ಮೊಣಕಾಲಿಗೂ ಕ್ಯಾಮರಾ ಗುರುತಿಸುವ ಚುಕ್ಕೆಗಳನ್ನು ಅಂಟಿಸಿ, ಒಂದು ಗಂಟೆ ನಿಮ್ಮ ಪಾಡಿಗೆ ಕೆಲಸ ಮಾಡಿರಿ ಎಂದು ಹೇಳಿದ್ದೆವು. ಚುಕ್ಕೆ ಅಂಟಿಸಿದವಳು ನಾನು, ಆಗ ಕೆಲಸಕ್ಕೆ ಸೇರಿ ನಾಲ್ಕೇ ವರ್ಷ. ಮುಖ್ಯಸ್ಥರು ಡಾ. ವಾದಿರಾಜ ಹುಯಿಲಗೋಳ. ಆ ದಿನ ಅವರಿಗೆ ಒಂದರ ಮೇಲೊಂದು ಫೋನು. ಮಾತಾಡಲು ಹೊರಗೆ ಹೋಗುವರು, ಒಳಗೆ ಬರುವರು. ಅವರು ಬಾಗಿಲಲ್ಲಿ ಕಂಡಾಗೊಮ್ಮೆ ಹನ್ನೊಂದು ಹೆಂಗಸರೂ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ಡಾಕ್ಟರರು ನಿಂತಿರುವಾಗ ತಾವು ಕುಳಿತಿರುವುದುಂಟೆ? ಮೂಲೆಯ ಕುರ್ಚಿಯಿಂದ ನಾನೂ ಏಳುತ್ತಿದ್ದೆ. ಅದು ನಮಗೆ ಕೆಲಸವೆಂದೂ ಅನ್ನಿಸಿರಲಿಲ್ಲ, ಚಲನೆಯೆಂದೂ ಅನ್ನಿಸಿರಲಿಲ್ಲ, ಉಸಿರಾಡಿದ ಹಾಗೆ. ಕ್ಯಾಮರಾಕ್ಕೆ ಮರ್ಯಾದೆ ಗೊತ್ತಿಲ್ಲ. ಅದು ಎದ್ದದ್ದನ್ನೆಲ್ಲ ಎಣಿಸಿತು. ಜಾಗ ಸಾಲದೆಂದು ನಾನು ವಿಡಿಯೋ ಅಳಿಸಿ ಅಂಕಿಗಳನ್ನು ಮಾತ್ರ ಉಳಿಸಿದೆ.

ಹುಯಿಲಗೋಳ ಸರ್ ಈಗ ಮಂಡಳಿಯ ಅಧ್ಯಕ್ಷರು. ರಾಜ್ಯದಲ್ಲಿ ಮಂಡಳಿಯ ಬಳೆ ತೊಟ್ಟವರು ಮೂರು ಲಕ್ಷ. ಚಿಗವ್ವನ ಬಟ್ಟಲನ್ನು ಅರ್ಧಕ್ಕೆ ಇಳಿಸಿದ್ದು ಅವಳ ಹಟವಲ್ಲ, ನಾನು ಬರೆದ ಒಂದು ಅಂಕಿ.

ಮರುದಿನವೇ ಯಂತ್ರದ ಖಾಲಿಯಿದ್ದ ಕೊನೆಯ ಎರಡು ಸೊಂಟಗಳಿಗೆ ಹೊಸ ಬಟ್ಟಲು ಕೂರಿಸಿದೆ. ಚಿಗವ್ವನ ಕೀಲೇ ಕಳಿಸಿದ ಚಲನೆಗಳನ್ನು ಅವಕ್ಕೆ ಹಾಕಿದೆ. ಮೊದಲ ಎಂಟು ವರ್ಷದ ವಿಧೇಯ ಚಿಗವ್ವ ಹನ್ನೊಂದನೆಯದಕ್ಕೆ, ಈಚಿನ ಐದು ವರ್ಷದ ಹಟಮಾರಿ ಚಿಗವ್ವ ಹನ್ನೆರಡನೆಯದಕ್ಕೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಇಷ್ಟು ವರ್ಷ ಮಂಡಳಿಯವರು ನಡೆಸಿದ್ದರು, ಈ ಸಲ ನಾನು ನಡೆಸಿದೆ. ಹನ್ನೊಂದನೆಯದು ಏಳುತ್ತ ಕೂಡುತ್ತ ಏಳುತ್ತ ಕೂಡುತ್ತ ತಿರುಚಿಕೊಳ್ಳುತ್ತಿತ್ತು. ಹನ್ನೆರಡನೆಯದು ಒಮ್ಮೆ ಕುಳಿತರೆ ಕುಳಿತಿತು. ಕೌದಿಯ ಸುತ್ತ ಸರಿಯುವವಳ ಹಾಗೆ ಸಣ್ಣಗೆ ತೂಗುತ್ತಿತ್ತು, ಅಷ್ಟೆ.

ಇಪ್ಪತ್ತಮೂರು ದಿನದಲ್ಲಿ ಇಪ್ಪತ್ತು ಲಕ್ಷ ಸುತ್ತು. ಕೊನೆಯ ದಿನ ಬೆಳಿಗ್ಗೆ ಬಟ್ಟಲುಗಳನ್ನು ತೊಳೆಯುತ್ತಿದ್ದಾಗ ಹುಯಿಲಗೋಳ ಸರ್ ಒಳಗೆ ಬಂದರು. ಅವರಿಗೆ ಸುದ್ದಿ ಮುಟ್ಟಿತ್ತು.

"ಶಿವಲೀಲಾ, ಈ ಎರಡು ಯಾರ ಪರವಾನಗಿ ಮ್ಯಾಲೆ ಹಚ್ಚೀರಿ?"

"ಯಾರದೂ ಇಲ್ಲ ಸರ್."

"ಹಂಗಾದ್ರ ಆ ತೂಕಕ್ಕ ಬೆಲೆ ಇಲ್ಲ. ತೆಗೆದು ಇಟ್ಟುಬಿಡ್ರಿ."

"ಇಡಂಗಿಲ್ಲ ಸರ್. ತೂಗತೀನಿ, ನೀವೂ ನೋಡ್ರಿ."

ಅವರು ಕೆಟ್ಟವರಲ್ಲ. ಹೋಗಬಹುದಾಗಿತ್ತು, ಹೋಗಲಿಲ್ಲ. ತಕ್ಕಡಿಯ ಗಾಜಿನ ಬಾಗಿಲ ಮುಂದೆ ಕನ್ನಡಕ ಏರಿಸಿಕೊಂಡು ನಿಂತರು. ಹನ್ನೊಂದನೆಯದು ಕಳೆದುಕೊಂಡದ್ದು ನಲವತ್ತೊಂದು ಮಿಲಿಗ್ರಾಂ. ಹನ್ನೆರಡನೆಯದು ಒಂಬತ್ತು. ಕಪಾಟಿನ ಬಟ್ಟಲುಗಳ ಪಟ್ಟಿಯನ್ನೂ ಅವರ ಕೈಗೆ ಕೊಟ್ಟೆ. ಆಮೇಲೆ ಹನ್ನೆರಡನೆಯ ಬಟ್ಟಲಿನ ಅಂಚನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅಲ್ಲೊಂದು ಉಗುರಿನ ಗೀರಿನಂಥ ಗುರುತಿತ್ತು. ಕಾಲು ಪೂರ್ತಿ ಮಡಚಿದಾಗ ಗುಂಡಿನ ಕುತ್ತಿಗೆ ಅಂಚಿಗೆ ತಾಗಿದ ಗುರುತು. ಅದನ್ನು ತೋರಿಸದೆ ಬಿಡಬಹುದಿತ್ತು. ಒಮ್ಮೆ ಅಳಿಸಿದ್ದು ಸಾಕಾಗಿತ್ತು ನನಗೆ.

"ಇದೂ ಅದ ಸರ್. ನೆಲದ ಮ್ಯಾಲೆ ಕೂತರ ಅಂಚಿಗೆ ಬಡಿತದ. ಖರೇ."

"ಮತ್ತ? ನೀವ ನಮ್ಮ ಪರವಾಗಿ ಸಾಕ್ಷಿ ಹೇಳಿದ್ಹಂಗ ಆತಲ್ಲ."

"ನಮ್ಮ ಚಿಗವ್ವಗ ಇದನ್ನ ಹೇಳಿದ್ರ ಒಂದ ಮಾತು ಅಂತಾಳ ಸರ್. ಕೌದಿ ಅಂಚು ಹರೀತಂದ್ರ ಯಾರರೆ ಹೊದಿಯೂದ ಬಿಡ್ತಾರೇನು, ಅಂಚಿಗೆ ಇನ್ನೊಂದ ಪಟ್ಟಿ ಹಚ್ಚಿ ಹೊಲೀತಾರ ಅಂತ. ನಾವು ಬಟ್ಟಲದ ಅಂಚು ಗಟ್ಟಿ ಮಾಡೂದು ಬಿಟ್ಟು ಮಂದಿನ್ನ ಎಬ್ಬಿಸಿ ನಿಲ್ಲಿಸೀವಿ."

ಅವರು ಪಟ್ಟಿಯನ್ನು ಇನ್ನೊಮ್ಮೆ ತಿರುವಿದರು. ಆಮೇಲೆ, ಹಾಗಾದರೆ ಸೂತ್ರದ ಆ ಇಪ್ಪತ್ತೆರಡು ತಪ್ಪಾಗಿದ್ದು ಹೇಗೆ ಎಂದು ಕೇಳಿದರು. ಭವನದ ದಿನವನ್ನು ಹೇಳಿದೆ, ನನ್ನ ಸಹಿಯನ್ನೂ ಅವರ ಫೋನನ್ನೂ ಸೇರಿಸಿ. ಅವರ ಮುಖ ಕೆಂಪಗಾಯಿತು.

"ಅಲ್ಲ ರೀ, ಒಂದು ತಾಸಿನ್ಯಾಗ ನಾ ಅಷ್ಟ ಸಲ ಒಳಗ ಬಂದಿದ್ದೆ? ವಿಡಿಯೋ ಎಲ್ಲದ?"

"ಅಳಿಸೀನಿ ಸರ್."

"ಮಂಡಳಿ ಮುಂದ ಇದನ್ನ ಹೆಂಗ ಇಡಲಿ? ಹೆಣ್ಣುಮಕ್ಕಳು ಮರ್ಯಾದಿಗೆ ಎದ್ದರು, ಅದಕ್ಕ ಸೂತ್ರ ತಪ್ಪಾತು ಅಂತ?"

"ನೀವ ಬಂದು ನೋಡ್ರಿ. ಆ ಹೆಣ್ಣುಮಕ್ಕಳನ್ನ ಅದ ಜಾಗಾದಾಗ ಕೂಡಸ್ತೀನಿ. ನೀವು ಬಾಗಲಾ ತೆಗೆದು ಒಳಗ ಬರ್ರಿ ಸಾಕು."

ಅರವತ್ತು ದಿನದಲ್ಲಿ ಮೂವತ್ತೈದು ಕಳೆದಿದ್ದವು. ಅವರು ಬರುತ್ತೇನೆ ಎಂದರು.

ಹನ್ನೊಂದು ಹೆಂಗಸರಲ್ಲಿ ಈಗ ಉಳಿದವರು ಆರು ಜನ. ಇಬ್ಬರ ಕೈಯಲ್ಲಿ ಮಂಡಳಿಯ ಬಳೆ ಇತ್ತು. ಏನು ನೋಡಲು ಕರೆದಿದ್ದೇವೆ ಎಂದು ಅವರಿಗೆ ಹೇಳಲಿಲ್ಲ. ಹೊಲಿಗೆ ತನ್ನಿರಿ ಎಂದೆ ಅಷ್ಟೆ. ಭವನದ ನೆಲ ಅದೇ ಹಳೆಯ ಕಡಪಾ ಕಲ್ಲು. ಚಿಗವ್ವ ಆ ಹನ್ನೊಂದರಲ್ಲಿ ಇದ್ದವಳಲ್ಲ, ಆದರೂ ಗುರುಗುಟ್ಟುವ ಕೌದಿಯನ್ನೇ ಹೆಗಲ ಮೇಲೆ ಹೊತ್ತು ತಂದು, ನಡುಮಧ್ಯೆ ಹಾಸಿಕೊಂಡು ಕುಳಿತಳು. ಅವಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ದಾರಿಯಲ್ಲಿ ಬರುವಾಗ ಬೇಡಿಕೊಂಡಿದ್ದೆ. "ಚಿಗವ್ವಾ, ಅಧ್ಯಕ್ಷರು ಅವರು. ಸ್ವಲ್ಪ ನೋಡಿ ಮಾತಾಡು. ನಿನ್ನ ಬಟ್ಟಲಾ ಅವರ ಕೈಯಾಗ ಐತಿ." ಅವಳು ಕೌದಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮುಂದೆ ನಡೆದಿದ್ದಳು.

ಬಾಗಿಲು ತೆರೆಯಿತು. ಹುಯಿಲಗೋಳ ಸರ್, ಹಿಂದೆ ಮಂಡಳಿಯ ಇಬ್ಬರು ಸದಸ್ಯರು.

ಆರು ಜನರ ಕೈಗಳೂ ಒಟ್ಟಿಗೆ ನೆಲಕ್ಕೆ ಊರಿದವು. ಸೆರಗು ಸರಿಯಾದವು, ಮೊಣಕಾಲುಗಳು ಮಡಚಿದವು, ಸೊಂಟಗಳು ತಿರುಚಿದವು. ಎಪ್ಪತ್ತು ದಾಟಿದ ಒಬ್ಬಳು ಪಕ್ಕದವಳ ಭುಜ ಹಿಡಿದು, ನೋವಿಗೆ ಹಲ್ಲು ಕಚ್ಚಿ ಮೇಲೆದ್ದಳು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಎಲ್ಲ ಗೊತ್ತಿದ್ದ ನಾನು, ಈ ಪ್ರಯೋಗವನ್ನು ಏರ್ಪಡಿಸಿದ ನಾನು, ಗೋಡೆಯ ಪಕ್ಕ ಚಾಪೆಯ ಮೇಲಿಂದ ಅರ್ಧ ಎದ್ದುಬಿಟ್ಟಿದ್ದೆ.

ಚಿಗವ್ವ ಏಳಲಿಲ್ಲ. ದಬ್ಬಳವನ್ನು ಒಮ್ಮೆ ಎಳೆದು, ದಾರ ಬಿಗಿ ಮಾಡಿ, ತಲೆಯೆತ್ತಿದಳು.

"ಬರ್ರಿ ಸಾಹೇಬರ, ನಮಸ್ಕಾರ. ಕುಂತ ಮಾಡೀನಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮ್ಯಾಲಿನ ಗೌರವ ನನ್ನ ಎದ್ಯಾಗ ಐತಿ. ಸೊಂಟದಾಗ ಇಲ್ಲ." ಆಮೇಲೆ ಉಳಿದವರ ಕಡೆ ತಿರುಗಿದಳು. "ಕುಂದರ್ರೆವಾ ಎಲ್ಲಾರೂ. ನೀವು ಎದ್ದೆದ್ದ ಮೂರ ಲಕ್ಷ ಮಂದಿ ಸೊಂಟಾ ಮುರದೀರಿ."

ಹೆಂಗಸರು ಎಲ್ಲಿಯೂ ಸಲ್ಲದವರಂತೆ ನಿಂತರು. ಒಬ್ಬರನ್ನೊಬ್ಬರು ನೋಡಿಕೊಂಡರು, ಬಾಗಿಲಲ್ಲಿದ್ದವರನ್ನು ನೋಡಿದರು. ಮೊದಲು ಕುಳಿತವಳು ನಾನು. ಇಪ್ಪತ್ತು ವರ್ಷದ ನೌಕರಿಯಲ್ಲಿ ಸರ್ ನಿಂತಿರುವಾಗ ನಾನು ಕುಳಿತದ್ದು ಅದೇ ಮೊದಲು. ನನ್ನ ಹಿಂದೆ ಒಬ್ಬೊಬ್ಬರಾಗಿ ಅವರೂ ಕುಳಿತರು.

ಹುಯಿಲಗೋಳ ಸರ್ ಬಾಗಿಲಲ್ಲಿಯೇ ಇದ್ದರು. ಕೈಯಲ್ಲಿದ್ದ ಫೋನನ್ನು ನೋಡಿಕೊಂಡರು, ಜೇಬಿಗೆ ಹಾಕಿದರು. "ಅವತ್ತೂ ಹಿಂಗ ಎದ್ದಿದ್ರೇನು?" ಎಂದು ಆ ಎಪ್ಪತ್ತರ ಮುದುಕಿಯನ್ನು ಕೇಳಿದರು.

"ನೀವು ಬಂದಾಗೊಮ್ಮೆ ಎದ್ದೀವ್ರಿ" ಎಂದಳು ಅವಳು, ಹೆಮ್ಮೆಯಿಂದ. "ಒಮ್ಮೀನೂ ತಪ್ಪಿಸಿಲ್ಲ."

ಹಿಂದಿದ್ದ ಸದಸ್ಯರೊಬ್ಬರು ಕುರ್ಚಿ ತರಿಸಲು ಹೊರಟರು. ಚಿಗವ್ವ ಕೌದಿಯ ಮೇಲೆ ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಸವರಿದಳು. "ಕುರ್ಚಿ ಯಾಕ? ಇಲ್ಲಿ ಬರ್ರಿ ಸಾಹೇಬರ."

ಅವರು ಬೂಟು ಕಳಚಿದರು. ಗೋಡೆ ಹಿಡಿದು, ಒಂದು ಮೊಣಕಾಲು ಊರಿ, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿ, ಅಂತೂ ಕುಳಿತರು. ಚಿಗವ್ವ ನಾನು ಅಚ್ಚು ಹಾಕಿ ಕೊಟ್ಟಿದ್ದ ತನ್ನ ಸೊಂಟದ ಗೆರೆಯ ಕಾಗದವನ್ನು ಅವರ ಮುಂದೆ ಬಿಡಿಸಿ ಹಾಸಿದಳು, ತಾನು ಬಳೆಯನ್ನು ಹೊಲಿದ ಶ್ರಾವಣವನ್ನು ದಬ್ಬಳದಿಂದ ಮುಟ್ಟಿ ತೋರಿಸಿದಳು. ಅವರು ತಾವು ತಂದಿದ್ದ ಕಡತ ತೆರೆದರು. ಹಳೆಯ ಪುಟ, ಇಪ್ಪತ್ತೆರಡು, ನನ್ನ ಸಹಿ. ಅದರ ಕೆಳಗೆ ಅನುಮೋದಿಸಿದವರು ಎಂದು ಅವರದೂ ಒಂದು ಸಹಿ ಇತ್ತು.

ಅಷ್ಟರಲ್ಲಿ ಕೌದಿಯ ಮೂಲೆಯ ಕಡೆ ವಾಲಿದವರು ಬೆಚ್ಚಿ ಪಕ್ಕಕ್ಕೆ ಸರಿದರು. ಕೆಳಗೆ ಕೈಯಿಟ್ಟು ನೋಡಿಕೊಂಡರು. "ಏನಿದು? ಒಳಗ ಏನೋ ನಡಗಲಿಕ್ಕೆ ಹತ್ತದ."

"ನಿಮ್ಮ ನಿಯಮಾ ರೀ ಅದು" ಎಂದಳು ಚಿಗವ್ವ, ಹೊಲಿಗೆಯಿಂದ ಕಣ್ಣೆತ್ತದೆ. "ಏಳು, ಏಳು ಅನ್ನಾಕತ್ತೈತಿ. ಐದ ವರ್ಷ ಆತು, ನಾ ಅಂತೂ ಎದ್ದಿಲ್ಲ. ನೀವ ಏನ್ ಮಾಡ್ತೀರೋ ನೋಡ್ರಿ."

ಬಾಗಿಲ ಬಳಿಯ ಇಬ್ಬರೂ ಅವರು ಏಳುವುದನ್ನೇ ಕಾಯುತ್ತ ನಿಂತಿದ್ದರು. ಹುಯಿಲಗೋಳ ಸರ್ ಜೇಬಿನಿಂದ ಪೆನ್ನು ತೆಗೆದರು. ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುರುಗುಟ್ಟುವ ಕೌದಿಯ ಮೇಲೆ ಕುಳಿತೇ, ಇಪ್ಪತ್ತೆರಡರ ಮೇಲೆ ಅಡ್ಡಗೆರೆ ಎಳೆದರು.